ತೆಲುಗು ಅಕ್ಷರದಲ್ಲಿ ಬಂದ ಕನ್ನಡ ವರದಿ

"ನನ್ನ ಹೊಲ ಯಾವಾಗ ಆಂಧ್ರಕ್ಕ ಹೋತು, ಹೇಳವಾ?" ಎನ್ನುತ್ತ ಗಾದಿಲಿಂಗಪ್ಪ ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ಮಾಸುಮಾಬಿಯ ಮೇಜಿನ ಮೇಲೆ ಬಿಚ್ಚಿಟ್ಟ.

ಅದು 1989ರ ಜೂನ್ ತಿಂಗಳ ಕೊನೆ. ಬಳ್ಳಾರಿಯ ಪಾರ್ವತಿನಗರದಲ್ಲಿ ರೈತರೇ ಕೂಡಿ ಕಟ್ಟಿಕೊಂಡ ಸಂಘವೊಂದರ ಮಣ್ಣು ಪರೀಕ್ಷೆ ಕೇಂದ್ರವಿತ್ತು. ಗಾದಿಲಿಂಗಪ್ಪ ತೆಕ್ಕಲಕೋಟೆಯವನು. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದ. ಮೂರು ವಾರದ ಹಿಂದೆ ಹೊಲದ ಮಣ್ಣನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ತಂದುಕೊಟ್ಟು ಹೋಗಿದ್ದ. ವರದಿ ಅಂಚೆಯಲ್ಲಿ ಮನೆಗೆ ತಲುಪಿತ್ತು. ಆದರೆ ಅದರಲ್ಲಿದ್ದ ಅಕ್ಷರಗಳೆಲ್ಲ ತೆಲುಗು.

ಮಾಸುಮಾಬಿ ಕಾಗದ ಎತ್ತಿಕೊಂಡಳು. ಮೊದಲ ಸಾಲನ್ನು ತೆಲುಗೆಂದುಕೊಂಡೇ ಓದಲು ಹೋಗಿ ತಡವರಿಸಿದಳು. ಮತ್ತೆ ಜೋರಾಗಿ ಓದಿದಳು: "ನಿಮ್ಮ ಮಣ್ಣಿನಲ್ಲಿ ಉಪ್ಪಿನಂಶ ಹೆಚ್ಚಾಗಿದೆ. ನಾಟಿಗೆ ಮೊದಲು ಜಿಪ್ಸಂ ಹಾಕಿ ನೀರು ನಿಲ್ಲಿಸಿ ಬಸಿಯಬೇಕು."

ಅಚ್ಚಗನ್ನಡ. ಬರೆದಿದ್ದು ಮಾತ್ರ ತೆಲುಗು ಲಿಪಿಯಲ್ಲಿ.

"ಅದೇ ನೋಡು," ಎಂದ ಗಾದಿಲಿಂಗಪ್ಪ. "ನಮ್ಮೂರಾಗ ಆದೋನಿ ಕಡೆಯ ಮೇಷ್ಟ್ರೊಬ್ಬರು ಅದಾರ. ಅವರಿಗೆ ತೋರಿಸಿದೆ. ಓದಿ ಓದಿ ನಕ್ಕರು. ಇದು ನಿಮ್ಮ ಮಾತೇ ಐತಪಾ, ಅಂಗಿ ಮಾತ್ರ ನಮ್ಮದು ಅಂದರು. ಇದೇನು ಚೇಷ್ಟಿ ಮಾಡೀಯೋ ಏನು ಮಷೀನು ಕೆಟ್ಟೈತೋ?"

"ಚೇಷ್ಟಿ ಅಲ್ರಿ ಕಾಕಾ. ಯಾಕ ಹಿಂಗಾತು ನನಗೂ ಗೊತ್ತಿಲ್ಲ," ಎಂದಳು ಮಾಸುಮಾಬಿ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಅವಳೊಳಗೆ ಎದ್ದದ್ದು ಕುತೂಹಲ. ಆ ಕಾಗದವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂದೆ ಮುಂದೆ ನೋಡಿದಳು. ಗಾದಿಲಿಂಗಪ್ಪನಿಗೆ ವರದಿಯನ್ನು ಕೈಬರಹದಲ್ಲೇ ಕನ್ನಡದಲ್ಲಿ ಬರೆದುಕೊಟ್ಟು ಕಳಿಸಿದಳು. ತಪ್ಪು ಕಾಗದವನ್ನು ಮಾತ್ರ ತಾನೇ ಇಟ್ಟುಕೊಂಡಳು.

ಮಾಸುಮಾಬಿ ಸಿರುಗುಪ್ಪದವಳು. ಅವಳ ತಂದೆ ಉಸ್ಮಾನಸಾಬ್ ಬೋರ್ಡು ಬರೆಯುವವರು. ಗಡಿಯ ಊರಾದ್ದರಿಂದ ಒಂದೇ ಅಂಗಡಿಗೆ ಮೇಲೊಂದು ಸಾಲು ಕನ್ನಡ, ಕೆಳಗೊಂದು ಸಾಲು ತೆಲುಗು ಬರೆಸುವವರು ಬಹಳ. ಮಗಳು ಶಾಲೆಗೆ ಸೇರುವ ಮೊದಲೇ ಎರಡೂ ಅಕ್ಷರಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿ ಕಲಿತಿದ್ದಳು. ಎಸ್ಸೆಸ್ಸೆಲ್ಸಿ ಆದ ಮೇಲೆ ಟೈಪಿಂಗಿನ ಜೂನಿಯರ್, ಸೀನಿಯರ್ ಎರಡೂ ಪರೀಕ್ಷೆ ಪಾಸು ಮಾಡಿದಳು. ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ ಚಿಕ್ಕಮ್ಮ ಶಾಹಜಾನಬಿಯ ಮನೆಯಲ್ಲಿ ಇದ್ದುಕೊಂಡು, ಇಪ್ಪತ್ತೆರಡನೆಯ ವಯಸ್ಸಿಗೆ ಮಣ್ಣು ಪರೀಕ್ಷೆ ಕೇಂದ್ರದಲ್ಲಿ ಟೈಪಿಸ್ಟಾದಳು. ನಾಲ್ಕು ವರ್ಷ ಬಡಿದದ್ದು ಒಂದೇ ನಮೂನೆಯ ವರದಿ: ಊರು, ಹೆಸರು, ಸರ್ವೆ ನಂಬರು, ರಂಜಕ ಇಷ್ಟು, ಪೊಟ್ಯಾಷ್ ಇಷ್ಟು. ಬೇಸರವಾಗಲಿಲ್ಲವೆಂದು ಅವಳೆಂದೂ ಹೇಳಿಲ್ಲ.

ಎಂಬತ್ತೆಂಟರಲ್ಲಿ ಕಂಪ್ಯೂಟರು ಬಂತು. ಕೇಂದ್ರದ ಮುಖ್ಯಸ್ಥರು ವಿರೂಪಾಕ್ಷಪ್ಪ, ರಸಾಯನಶಾಸ್ತ್ರ ಓದಿದವರು. ಯಂತ್ರ ತರಿಸಿದ್ದು ಅವರೇ, ಮುಟ್ಟಲು ಹೆದರಿದ್ದೂ ಅವರೇ. ಹೈದರಾಬಾದಿನಿಂದ ಬಂದ ಹುಡುಗನೊಬ್ಬ ನಾಲ್ಕು ದಿನ ಇದ್ದು ಒಂದಿಷ್ಟು ಹೇಳಿಕೊಟ್ಟು ಹೋದ. ಅವನು ಹೋದ ಮೇಲೆ ಉಳಿದದ್ದು ಇಟ್ಟಿಗೆಯಷ್ಟು ದಪ್ಪದ ಎರಡು ಇಂಗ್ಲಿಷ್ ಪುಸ್ತಕ. ಮಾಸುಮಾಬಿ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ದಿನಕ್ಕೆ ಎರಡು ಪುಟದಂತೆ ಓದಿದಳು. ಆರು ತಿಂಗಳಿಗೆ ಬೇಸಿಕ್ ಭಾಷೆಯಲ್ಲಿ ವರದಿ ಮುದ್ರಿಸುವ ಪ್ರೋಗ್ರಾಂ ಬರೆದಳು. ಬೇರೆ ಯಾರೂ ಬರೆದುಕೊಡಲಿಲ್ಲ. ಆದ್ದರಿಂದ ತಪ್ಪಿದ್ದರೆ ಅದೂ ಅವಳದೇ.

ಆ ಕಂಪ್ಯೂಟರಿನಲ್ಲಿ ಪುಣೆಯಲ್ಲಿ ತಯಾರಾದ, ಭಾರತೀಯ ಲಿಪಿಗಳನ್ನು ಮೂಡಿಸುವ ಒಂದು ಕಾರ್ಡು ಕೂರಿಸಿದ್ದರು. ಕನ್ನಡ, ತೆಲುಗು ಎರಡೂ ಬರುತ್ತಿದ್ದವು. ಅದರ ಸೊಗಸೆಂದರೆ 'ಕ' ಎನ್ನುವುದಕ್ಕೆ ಒಳಗೆ ಒಂದೇ ಸಂಕೇತ. ಕನ್ನಡ ಲಿಪಿ ಎಂದರೆ ಕನ್ನಡದ ಕ, ತೆಲುಗು ಲಿಪಿ ಎಂದರೆ ತೆಲುಗಿನ ಕ. ಯಾವ ಲಿಪಿ ಎಂಬುದನ್ನು ಎಲ್ಲಾದರೂ ಬರೆದಿಡಬೇಕಲ್ಲ? ಪುಸ್ತಕದಲ್ಲಿ ಅದಕ್ಕೊಂದು ಜಾಗ ಹೇಳಿತ್ತು. ಯಂತ್ರ ಚಾಲೂ ಆದಾಗ ಒಂದೊಂದು ಹೆಸರಿನ ಎದುರು ಅದು ಏನೆಂದು ಬರೆದಿಡುವ ಒಂದು ಪಟ್ಟಿ. ಯಾವ ಪ್ರೋಗ್ರಾಂ ಬೇಕಾದರೂ ಅದನ್ನು ನೋಡಬಹುದು. ಪುಸ್ತಕ ಅದನ್ನು ಎನ್ವಿರಾನ್ಮೆಂಟ್ ಎಂದು ಕರೆದಿತ್ತು. ಮಾಸುಮಾಬಿ ತನ್ನ ನೋಟುಪುಸ್ತಕದಲ್ಲಿ 'ಹೊರಗಿನ ಪಟ್ಟಿ' ಎಂದು ಬರೆದುಕೊಂಡಳು. ಬೆಳಿಗ್ಗೆ ಯಂತ್ರ ಚಾಲೂ ಆದ ಕೂಡಲೇ ಆ ಪಟ್ಟಿಯಲ್ಲಿ 'ಲಿಪಿ = ಕನ್ನಡ' ಎಂದು ತಾನಾಗಿಯೇ ಬರೆದುಕೊಳ್ಳುತ್ತಿತ್ತು. ಸಿರುಗುಪ್ಪ, ಕುರುಗೋಡು, ಬಳ್ಳಾರಿ ಕಡೆಯ ವರದಿಗಳಿಗೆ ಅಷ್ಟು ಸಾಕು. ಗಡಿಯಾಚೆಯ ಆಲೂರು, ಆದೋನಿ ಕಡೆಯ ರೈತರೂ ಮಣ್ಣು ತರುತ್ತಿದ್ದರು. ಅವರ ವರದಿ ಬಂದಾಗ ಪ್ರೋಗ್ರಾಂ ಪಟ್ಟಿಯನ್ನು 'ಲಿಪಿ = ತೆಲುಗು' ಎಂದು ತಿದ್ದಿ, ತೆಲುಗು ವರದಿ ಮುದ್ರಿಸಿ, ಮುಗಿದ ಮೇಲೆ ಮತ್ತೆ 'ಕನ್ನಡ' ಎಂದು ತಿದ್ದುತ್ತಿತ್ತು. ಅಲ್ಲಿಯವರೆಗೆ ಇದು ತೊಂದರೆ ಕೊಟ್ಟಿರಲಿಲ್ಲ. ಕೊಟ್ಟಿದ್ದರೂ ಅವಳವರೆಗೆ ಬಂದಿರಲಿಲ್ಲ.

ಗಾದಿಲಿಂಗಪ್ಪ ಹೋದ ಮರುದಿನ ಬೆಳಿಗ್ಗೆ ಅವಳು ಯಂತ್ರ ಚಾಲೂ ಮಾಡಿ ಅವನದೇ ವರದಿಯನ್ನು ಮತ್ತೆ ಮುದ್ರಿಸಿದಳು. ಕನ್ನಡದಲ್ಲೇ ಬಂತು. ಹತ್ತು ಸಲ ಮುದ್ರಿಸಿದಳು, ಹತ್ತೂ ಸಲ ಕನ್ನಡ.

"ಪೇಪರು ಯಾಕ ಹಾಳು ಮಾಡ್ತಿ?" ಎಂದು ವಿರೂಪಾಕ್ಷಪ್ಪ ಕೇಳಿದರು.

"ಸರ್, ತಪ್ಪು ಮಾಡಿಸಾಕ ನೋಡಾಕ ಹತ್ತೀನಿ. ಮಾಡವಲ್ದು."

"ಮಾಡದಿದ್ರ ಛಲೋನೇ ಆತಲ್ಲ."

"ಛಲೋ ಹೆಂಗಾತ್ರಿ ಸರ್? ಯಾವಾಗ ಮಾಡ್ತೈತಿ ಗೊತ್ತಿಲ್ಲ ಅಂದ್ರ, ಮಾಡೋ ದಿನ ನಮಗ ಗೊತ್ತಾಗಂಗೇ ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಅವತ್ತಿನಿಂದ ಮಾಸುಮಾಬಿ ಮುದ್ರಿಸಿದ ಪ್ರತಿ ವರದಿಯನ್ನೂ ಲಕೋಟೆಗೆ ಹಾಕುವ ಮೊದಲು ಕಣ್ಣಾಡಿಸತೊಡಗಿದಳು. ಯಾವ ವರದಿ ಯಾವ ಹೊತ್ತಿಗೆ ಬಂತು, ಅದಕ್ಕೆ ಮುಂಚೆ ಏನು ನಡೆಯಿತು ಎಂದು ನೋಟುಪುಸ್ತಕದಲ್ಲಿ ಬರೆದಳು. ಎಂಟನೆಯ ದಿನ ಮಧ್ಯಾಹ್ನ ಕುರುಗೋಡಿನ ಮೂರು ವರದಿ ಒಂದರ ಹಿಂದೊಂದು ತೆಲುಗು ಅಕ್ಷರದಲ್ಲಿ ಬಂದವು. ಅವಳು ಆ ಹಾಳೆಗಳನ್ನು ಗಪ್ಪನೆ ಹಿಡಿದಳು, ಕಳ್ಳನನ್ನು ಬಾಗಿಲಲ್ಲೇ ಕಂಡಂತೆ. ನಾಲ್ಕನೆಯದನ್ನು ಕೊಡುವಷ್ಟರಲ್ಲಿ ಕರೆಂಟು ಹೋಯಿತು. ಅರ್ಧ ಗಂಟೆಯ ಮೇಲೆ ಕರೆಂಟು ಬಂದು ಯಂತ್ರ ಮತ್ತೆ ಚಾಲೂ ಆದಾಗ ಎಲ್ಲ ಕನ್ನಡ.

ಹಾಗಾದರೆ ಕರೆಂಟು ಹೋದರೆ ರೋಗ ವಾಸಿಯಾಗುತ್ತದೆ! ಅದನ್ನು ಬರೆದು ಅಡಿಗೆರೆ ಎಳೆದಳು. ಅವಳು ಪರೀಕ್ಷಿಸಲು ಕೂತದ್ದು ಯಾವಾಗಲೂ ಬೆಳಿಗ್ಗೆ, ಯಂತ್ರ ಆಗಷ್ಟೇ ಎದ್ದಾಗ. ಆಗ ಪಟ್ಟಿ ಹೊಸದಾಗಿರುತ್ತದೆ. ತಪ್ಪು ಹುಟ್ಟುವುದು ಆಮೇಲೆ, ದಿನ ಏರಿದ ಮೇಲೆ.

ನೋಟುಪುಸ್ತಕದ ಹಿಂದಿನ ಸಾಲು ನೋಡಿದಳು. ಕುರುಗೋಡಿನ ವರದಿಗಳಿಗೆ ಮೊದಲು ಆಲೂರಿನ ರೈತನೊಬ್ಬನ ತೆಲುಗು ವರದಿ ಇತ್ತು. ಅದರ ಎದುರಿಗೆ ಅವಳದೇ ಅಕ್ಷರ: 'ಪೇಪರು ಸಿಕ್ಕಿಕೊಂಡಿತು, ನಿಲ್ಲಿಸಿದೆ.'

ಮಾಸುಮಾಬಿ ಕುರ್ಚಿಯಿಂದ ಎದ್ದೇ ಬಿಟ್ಟಳು. ಪೇಪರು ಸಿಕ್ಕಿಕೊಂಡರೆ ಪ್ರೋಗ್ರಾಂ ಮುದ್ರಣ ಅಲ್ಲಿಗೇ ಬಿಟ್ಟು ಮೊದಲ ಪರದೆಗೆ ಜಿಗಿಯುತ್ತಿತ್ತು. ಅದನ್ನು ಮೊನ್ನೆ ಮೇ ತಿಂಗಳಲ್ಲಿ ಅವಳೇ ಸೇರಿಸಿದ್ದಳು. ಜಿಗಿಯುವಾಗ ಕೊನೆಯ ಸಾಲು, 'ಲಿಪಿ'ಯನ್ನು ಮತ್ತೆ ಕನ್ನಡ ಮಾಡುವ ಸಾಲು, ನಡೆಯುತ್ತಲೇ ಇರಲಿಲ್ಲ. ಪಟ್ಟಿಯಲ್ಲಿ ತೆಲುಗು ಉಳಿಯಿತು. ಮುಂದೆ ಬಂದವರೆಲ್ಲ ಅದನ್ನೇ ನೋಡಿ ನಡೆದರು.

ತೆಲುಗು ವರದಿಯೊಂದು ಅಚ್ಚಾಗುತ್ತಿದ್ದಾಗ ಮುದ್ರಿಸುವ ಯಂತ್ರದಿಂದ ಬೇಕೆಂದೇ ಪೇಪರು ಎಳೆದು ನೋಡಿದಳು. ತಪ್ಪು ಬಂತು. ಮತ್ತೆ ಎಳೆದಳು, ಮತ್ತೆ ಬಂತು. ಅವತ್ತು ಮನೆಗೆ ಹೋದಾಗ ಅವಳ ಮುಖ ನೋಡಿ ಶಾಹಜಾನಬಿ, "ಏನಾತೇ, ಪಗಾರ ಏರಿಸಿದ್ರೇನು?" ಎಂದು ಕೇಳಿದಳು.

ತಿದ್ದುವುದು ಸುಲಭವೆಂದುಕೊಂಡಳು. ಪ್ರೋಗ್ರಾಂ ಹಲವು ತುಂಡುಗಳಾಗಿ ಇತ್ತು: ತಲೆಬರಹ ಮುದ್ರಿಸುವ ತುಂಡು, ಅಂಕಿಗಳದ್ದು, ಸಲಹೆಯದ್ದು, ಲಕೋಟೆಗೆ ಅಂಟಿಸುವ ಸಂಘದ ವಿಳಾಸದ ಚೀಟಿಯದ್ದು. ಕನ್ನಡ ಬೇಕಾದ ಪ್ರತಿ ಕಡೆಗೂ, ಕನ್ನಡದಲ್ಲೇ ಇರಬೇಕಾದ ಆ ಚೀಟಿಯ ಮೊದಲಿಗೂ, ಯಾವುದಕ್ಕೂ ಇರಲಿ ಎಂದು, 'ಲಿಪಿ = ಕನ್ನಡ' ಎಂದು ಒಂದು ಸಾಲು ಸೇರಿಸಿದಳು. ಪೇಪರು ಎಳೆದು ನೋಡಿದಳು, ತಪ್ಪು ಬರಲಿಲ್ಲ. ನಿಶ್ಚಿಂತೆಯಾಗಿ, ಪ್ರತಿ ಹಾಳೆಗೂ ಕಣ್ಣಾಡಿಸುವುದನ್ನು ಬಿಟ್ಟಳು.

ಹದಿನೈದು ದಿನಕ್ಕೆ ಆಲೂರು ಕಡೆಯ ಮಲ್ಲಯ್ಯ ಎಂಬ ರೈತ ತನ್ನ ವರದಿ ಹಿಡಿದು ಬಂದ. ಅವನ ವರದಿಯ ಮೊದಲ ಹಾಳೆ ಸರಿಯಾದ ತೆಲುಗು. ಎರಡನೆಯ ಹಾಳೆಯಲ್ಲಿ ಮಾತು ತೆಲುಗು, ಅಕ್ಷರ ಕನ್ನಡ! ಎರಡು ಹಾಳೆಯ ನಡುವೆ ವಿಳಾಸದ ಚೀಟಿ ಮುದ್ರಣವಾಗುತ್ತಿತ್ತು. ಆ ತುಂಡು ತನ್ನ ಪಾಡಿಗೆ ಪಟ್ಟಿಯನ್ನು ಕನ್ನಡಕ್ಕೆ ತಿರುಗಿಸಿ ಹೋಗಿತ್ತು. ತೆಲುಗಿನ ಎರಡನೆಯ ಹಾಳೆಗೆ ಅದು ಹೇಗೆ ಗೊತ್ತಾಗಬೇಕು?

ಮಲ್ಲಯ್ಯ ಒಳ್ಳೆಯ ಮನುಷ್ಯ, ಬೈಯಲಿಲ್ಲ. ವಿರೂಪಾಕ್ಷಪ್ಪ ಮಾತ್ರ ಬೈದರು. "ಮೊದಲು ಒಂದು ಕಡೆ ಹರಿದಿತ್ತು, ಹೊಲಿಯಾಕ ಹೋಗಿ ಇನ್ನೊಂದು ಕಡೆ ಹರದೀ. ಹಳೇ ಟೈಪ್‌ರೈಟರೇ ಇರಲಿ ಬಿಡು."

ಆ ಶನಿವಾರ ಅವಳು ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದಳು. ಭಾನುವಾರ ಬೆಳಿಗ್ಗೆ ಉಸ್ಮಾನಸಾಬ್ ಅಂಗಳದಲ್ಲಿ ಗೊಬ್ಬರದಂಗಡಿಯ ತಗಡಿನ ಬೋರ್ಡಿಗೆ ಹಿನ್ನೆಲೆಯ ಬಣ್ಣ ಹಚ್ಚುತ್ತಿದ್ದರು. ಮಗಳು ಹೊಸ್ತಿಲ ಮೇಲೆ ಕೂತು ಇಡೀ ಕಥೆ ಹೇಳಿದಳು. ಅವರಿಗೆ ಕಂಪ್ಯೂಟರು ಗೊತ್ತಿರಲಿಲ್ಲ, ಕೇಳುವುದು ಗೊತ್ತಿತ್ತು.

"ಆ ಪಟ್ಟಿ ಅಂದ್ಯಲ್ಲ ಬೇಟಾ, ಅದನ್ನ ಯಾರು ಯಾರು ತಿದ್ದಬೌದು?"

"ಯಾರು ಬೇಕಾದ್ರೂ ಅಬ್ಬಾ."

"ಯಾರು ತಿದ್ದಿದ್ರು ಅಂತ ಬರದಿರ್ತೈತೇನು?"

"ಇಲ್ಲ."

"ಮತ್ತ ನಿನ್ನ ತುಂಡುಗಳು ಅದನ್ನ ನಂಬಿ ಕೆಲಸಾ ಮಾಡ್ತಾವು." ಉಸ್ಮಾನಸಾಬ್ ಬ್ರಷ್ಷಿನ ತುದಿಯನ್ನು ಡಬ್ಬಿಯ ಅಂಚಿಗೆ ಒರೆಸಿದರು. "ನಂಬಬ್ಯಾಡ ಅಂತ ಹೇಳು ಅವಕ್ಕ."

"ನಂಬದಿದ್ರ ಅವಕ್ಕ ಲಿಪಿ ಯಾವುದಂತ ಹೆಂಗ ಗೊತ್ತಾಗಬೇಕು?"

"ಅದು ನನಗೇನು ಗೊತ್ತು? ನನಗ ಬೋರ್ಡು ಬರಿಯಾಕ ಹೇಳಾವರು ಮನಿಗೆ ಬಂದು ಹೇಳ್ತಾರ, ಇಂಥಾದ್ದು ಬರಿ ಅಂತ."

ಅಷ್ಟು ಹೇಳಿ ಅವರು ತಗಡನ್ನು ಬಿಸಿಲಿಗೆ ಸರಿಸಲು ಎದ್ದರು. ಮಾಸುಮಾಬಿ ಅಲ್ಲೇ ಕೂತು ಯೋಚಿಸಿದಳು. ಅವಳು ಬಳಸುತ್ತಿದ್ದ ಬೇಸಿಕ್‌ನಲ್ಲಿ ಒಂದು ಅನುಕೂಲವಿತ್ತು: ಒಂದು ತುಂಡನ್ನು ಕರೆಯುವಾಗ ಬೇಕಾದ್ದನ್ನು ಅದರ ಕೈಯಲ್ಲೇ ಇಟ್ಟು ಕರೆಯಬಹುದು. ಹೆಸರು, ಸರ್ವೆ ನಂಬರನ್ನು ಅವಳು ಹಾಗೇ ಕೊಡುತ್ತಿದ್ದಳು. ಲಿಪಿಯನ್ನು ಮಾತ್ರ ಕೊಟ್ಟಿರಲಿಲ್ಲ, ಅದು ಪಟ್ಟಿಯಲ್ಲಿ ಇದೆಯಲ್ಲ ಎಂದು.

ಸೋಮವಾರ ಅವಳು ಪ್ರೋಗ್ರಾಮನ್ನೆಲ್ಲ ಮುದ್ರಿಸಿ, ಉದ್ದನೆಯ ಕಾಗದವನ್ನು ಪ್ರಯೋಗಾಲಯದ ನೆಲದ ಮೇಲೆ ಹಾಸಿದಳು. ಕೆಂಪು ಪೆನ್ನಿನಲ್ಲಿ ಪಟ್ಟಿಯನ್ನು ನೋಡುವ ಸಾಲುಗಳಿಗೆ ಗುರುತು ಹಾಕಿದಳು: ಮೂವತ್ತೊಂದು. ಪಟ್ಟಿಯನ್ನು ತಿದ್ದುವ ಸಾಲುಗಳು: ಹನ್ನೊಂದು. ತಾನೇ ಬರೆದದ್ದು, ಆದರೂ ಇಷ್ಟಿವೆ ಎಂದು ಗೊತ್ತಿರಲಿಲ್ಲ.

ವಿರೂಪಾಕ್ಷಪ್ಪ ಕಾಗದ ತುಳಿಯದಂತೆ ಗೋಡೆಯ ಅಂಚಿಗೆ ಹೆಜ್ಜೆ ಇಡುತ್ತ ಬಂದರು. ತಾನೇನು ಮಾಡಲಿದ್ದೇನೆಂದು ಅವಳು ಹೇಳಿದಳು. ಪ್ರೋಗ್ರಾಂ ಶುರುವಾಗುವಾಗ ಒಂದೇ ಒಂದು ಸಲ ಹೊರಗಿನ ಪಟ್ಟಿ ನೋಡುವುದು; ಅಲ್ಲಿ ಲಿಪಿ ಇಲ್ಲದಿದ್ದರೆ, ಅರ್ಥವಾಗದ್ದು ಇದ್ದರೆ, ಅಲ್ಲೇ ನಿಂತು ಹೇಳಿಬಿಡುವುದು. ಆಮೇಲೆ ಯಾರೂ ಹೊರಗೆ ಇಣುಕುವಂತಿಲ್ಲ, ತಿದ್ದುವಂತೆಯೂ ಇಲ್ಲ. ಪ್ರತಿ ವರದಿಯ ಜೊತೆ ಅದರ ಲಿಪಿಯೂ ಕೈಯಿಂದ ಕೈಗೆ ಹೋಗುವುದು.

"ಅಲ್ಲವಾ, ಒಂದು ಕಡೆ ಬರದಿಟ್ಟು ಎಲ್ಲಾರೂ ನೋಡ್ಕೊಂಡ್ರ ಸಸಾರ ಅಲ್ಲೇನು? ಎಲ್ಲಾರ ಕೈಗೂ ಕೊಡ್ತಾ ಹೋಗೋದು ಎಷ್ಟು ಬರಿಯೋ ಕೆಲಸ!"

ಮಾಸುಮಾಬಿ ಸುತ್ತ ನೋಡಿದಳು. ಬೆಂಚಿನ ಮೇಲೆ ಮಣ್ಣಿನ ಬಾಟಲಿಗಳು ಸಾಲಾಗಿ ನಿಂತಿದ್ದವು.

"ಸರ್, ಈ ಬಾಟಲಿಗೆಲ್ಲಾ ಒಂದೊಂದು ಚೀಟಿ ಯಾಕ ಅಂಟಿಸೀರಿ? ಗ್ವಾಡಿ ಮ್ಯಾಲೆ ಇವತ್ತು ಸಿರುಗುಪ್ಪದ ಮಣ್ಣು ಅಂತ ಒಂದು ಬೋರ್ಡು ಹಾಕಿದ್ರ ಆಗ್ತಿತ್ತಲ್ರಿ."

"ಹಂಗ್ಯಾಂಗ ಹಾಕಾಕ ಬರ್ತೈತಿ? ನಡುವ ಕುರುಗೋಡಿನ ಬಾಟಲಿ ಬಂದ್ರ..." ಎಂದವರು ಅಲ್ಲಿಗೇ ನಿಂತರು. ಒಂದು ಬಾಟಲಿಯ ಚೀಟಿಯನ್ನು ಬೆರಳಿನಿಂದ ಒತ್ತಿ, "ಎಷ್ಟು ದಿನ ಬೇಕು?" ಎಂದು ಕೇಳಿದರು.

ಒಂಬತ್ತು ದಿನ ಬೇಕಾಯಿತು. ಆ ಒಂಬತ್ತು ದಿನ ವರದಿಗಳು ಟೈಪ್‌ರೈಟರಿನಲ್ಲೇ ಹೋದವು. ಕೆಲಸ ಅಂದುಕೊಂಡದ್ದಕ್ಕಿಂತ ಬೇಸರದ್ದು. ಒಂದು ತುಂಡಿಗೆ ಲಿಪಿ ಕೊಡಬೇಕೆಂದರೆ ಅದನ್ನು ಕರೆಯುವ ತುಂಡಿಗೂ ಕೊಡಬೇಕು, ಅದನ್ನು ಕರೆಯುವ ಇನ್ನೊಂದಕ್ಕೂ. ಆದರೆ ನಡುವೆ ಒಂದು ವಿಚಿತ್ರ ಸುಖ ಸಿಕ್ಕಿತು. ಮೊದಲು ಸಲಹೆಯ ತುಂಡೊಂದನ್ನು ಪರೀಕ್ಷಿಸಬೇಕಾದರೂ ಪಟ್ಟಿಯಲ್ಲಿ ಏನಿದೆಯೋ ನೋಡಿ, ಯಂತ್ರ ಆರಿಸಿ, ಮತ್ತೆ ಚಾಲೂ ಮಾಡಿ ಒದ್ದಾಡುತ್ತಿದ್ದಳು. ಈಗ ಅದೊಂದನ್ನೇ ಕರೆದು ಕೈಗೆ ಕನ್ನಡ ಕೊಟ್ಟರೆ ಕನ್ನಡ, ತೆಲುಗು ಕೊಟ್ಟರೆ ತೆಲುಗು. ಮೊದಲು ಏನು ನಡೆದಿತ್ತು ಎಂಬುದು ಅದಕ್ಕೆ ಬೇಕೇ ಇಲ್ಲ. ಒಂದು ಮಧ್ಯಾಹ್ನವಿಡೀ ಅವಳು ಒಂದು ಸಲ ಇದು, ಒಂದು ಸಲ ಅದು ಎಂದು ಸುಮ್ಮನೆ ಕೊಟ್ಟು ಕೊಟ್ಟು ನೋಡಿದಳು. ಚಹಾ ತಣ್ಣಗಾಗಿ ಕೆನೆಗಟ್ಟಿತು.

ಹತ್ತನೆಯ ದಿನ ವಿರೂಪಾಕ್ಷಪ್ಪನವರನ್ನು ಕರೆದು ಪ್ರಿಂಟರಿನ ಮುಂದೆ ನಿಲ್ಲಿಸಿದಳು.

"ಸರ್, ಮಲ್ಲಯ್ಯನ ವರದಿ ಮುದ್ರಣ ಆಗಾಕ ಹತ್ತೈತಿ. ನಡುವ ಯಾವಾಗ ಬೇಕಾದ್ರೂ ಪೇಪರು ಎಳೀರಿ."

"ನಾನಾ?"

"ಹೂಂ ರಿ. ನಾ ಎಳೆದ್ರ ಲೆಕ್ಕಕ್ಕಿಲ್ಲ."

ಅವರು ಹಿಂದೆ ಮುಂದೆ ನೋಡಿ, ಬಿಸಿ ಪಾತ್ರೆ ಹಿಡಿಯುವವರಂತೆ ಎರಡು ಬೆರಳಿನಲ್ಲಿ ಕಾಗದ ಹಿಡಿದು ಎಳೆದರು. ಪ್ರಿಂಟರು ಕಿರ್ರೆಂದು ನಿಂತಿತು. ಮಾಸುಮಾಬಿ ಮುದ್ರಣ ನಿಲ್ಲಿಸಿ, ಹೊಸ ಕಾಗದ ಏರಿಸಿ, ಗಾದಿಲಿಂಗಪ್ಪನ ವರದಿ ಕೊಟ್ಟಳು. ಕನ್ನಡ. ನಡುವೆ ತೆಲುಗಿನದೊಂದು ಕೊಟ್ಟಳು, ಎರಡು ಹಾಳೆಯೂ ತೆಲುಗು. ಮತ್ತೆ ಕುರುಗೋಡಿನದು. ವಿರೂಪಾಕ್ಷಪ್ಪನವರಿಗೆ ಈಗ ಹುರುಪು ಬಂದಿತ್ತು. ಹೇಳದೆಯೇ ಇನ್ನೂ ನಾಲ್ಕು ಸಲ ಎಳೆದರು. ಆರನೆಯ ಸಲ ಎಳೆಯಲು ಹೋದಾಗ, "ಸರ್, ಸಾಕ್ರಿ, ರಿಬ್ಬನ್ ಹರೀತೈತಿ," ಎಂದು ಅವಳೇ ತಡೆಯಬೇಕಾಯಿತು.

ಆ ವಾರದ ಕೊನೆಗೆ ಊರಿಗೆ ಹೋಗುವಾಗ ಮಾಸುಮಾಬಿ ತೆಕ್ಕಲಕೋಟೆಯಲ್ಲಿ ಬಸ್ಸಿಳಿದಳು. ಗಾದಿಲಿಂಗಪ್ಪನಿಗೆ ಅಚ್ಚಾದ ವರದಿಯನ್ನು ತನ್ನ ಕೈಯಾರೆ ಕೊಡಬೇಕೆಂಬ ಆಸೆ. ಅವನು ಕೈಬರಹದ ಸಲಹೆಯಂತೆ ಜಿಪ್ಸಂ ಹಾಕಿಸಿ, ನೀರು ನಿಲ್ಲಿಸಿ ಬಸಿದಿದ್ದ. ಗದ್ದೆಯ ಬದುವಿನ ಮೇಲೆ ಬೆಳ್ಳಗೆ ಉಪ್ಪು ಹೊಮ್ಮಿದ್ದ ಜಾಗವನ್ನು ಕರೆದೊಯ್ದು ತೋರಿಸಿದ. ಒಂದಷ್ಟು ಕಡಿಮೆಯಾದಂತೆ ಕಾಣುತ್ತಿತ್ತು, ಬೆಳೆ ನಿಂತ ಮೇಲೆ ಗೊತ್ತಾಗಬೇಕು ಎಂದ. ಆಮೇಲೆ ಕಟ್ಟೆಯ ಮೇಲೆ ಕೂತು ವರದಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ. ಮಾಸುಮಾಬಿ ಅವನ ಮುಖವನ್ನೇ ನೋಡುತ್ತಿದ್ದಳು.

"ಅಕ್ಷರಾ ಎಲ್ಲಾ ನಮ್ಮವೇ ಅದಾವವಾ," ಎಂದು ತಲೆಯಾಡಿಸಿದ. ಹಾಗೇ ಮೇಲಿನ ಮೂಲೆಯ ಮೇಲೆ ಬೆರಳಿಟ್ಟ. "ಆದ್ರ ಇದು ಒಂದನೇ ಜನವರಿ ಎಂಬತ್ತು ಅಂತ ಐತಿ. ಒಂಬತ್ತು ವರ್ಷದ ಹಿಂದ ನನ್ನ ಮಣ್ಣು ಯಾರು ತಂದುಕೊಟ್ಟಿದ್ರು ನಿನಗ?"

ಅವಳು ಕಾಗದ ಇಸಿದುಕೊಂಡು ನೋಡಿದಳು. ಹೌದು, 1-1-1980. ಮುದ್ರಿಸಿದ ದಿನ ಬೆಳಿಗ್ಗೆಯಿಂದ ಏನೇನು ನಡೆಯಿತೆಂದು ನೆನೆಸಿಕೊಂಡಳು. ಹನ್ನೊಂದಕ್ಕೆ ಕರೆಂಟು ಹೋಗಿ ಬಂದಿತ್ತು. ಯಂತ್ರ ಎದ್ದಾಗ ಇವತ್ತಿನ ತಾರೀಖು ಏನೆಂದು ಕೇಳುತ್ತಿತ್ತು. ಅವಸರದಲ್ಲಿ ಉತ್ತರ ಕೊಡದೆ ಗುಂಡಿ ಒತ್ತಿದ್ದಳು; ಹಾಗೆ ಮಾಡಿದರೆ ಯಂತ್ರ ಒಂದನೇ ಜನವರಿ ಎಂಬತ್ತು ಎಂದೇ ಹಿಡಿಯುತ್ತಿತ್ತು. ಮತ್ತೆ ತಾರೀಖನ್ನು ತನ್ನ ಪ್ರೋಗ್ರಾಂ ಎಲ್ಲೆಲ್ಲಿಂದ, ಎಷ್ಟು ಸಲ ಯಂತ್ರವನ್ನು ಕೇಳುತ್ತದೆ? ತಲೆಬರಹದಲ್ಲಿ ಒಂದು ಸಲ, ಸಲಹೆಯಲ್ಲಿ ಒಂದು ಸಲ, ಇನ್ನೆಲ್ಲಿ?

"ಕಾಕಾ, ಒಂದು ಪೆನ್ನು ಐತೇನ್ರಿ?" ಎಂದು ಕೇಳಿದಳು. ಗಾದಿಲಿಂಗಪ್ಪ ಒಳಗೆ ಹೋಗಿ ಪೆನ್ಸಿಲ್ಲೊಂದನ್ನು ಹುಡುಕಿ ತಂದುಕೊಟ್ಟ. ಸಿರುಗುಪ್ಪದ ಬಸ್ಸು ಬಂದು ಹೋದರೂ ಅವಳು ಕಟ್ಟೆಯಿಂದ ಏಳಲಿಲ್ಲ. ಆ ವರದಿಯ ಹಿಂಬದಿಯಲ್ಲೇ ತಾರೀಖು ಕೇಳುವ ಜಾಗಗಳನ್ನು ಒಂದೊಂದಾಗಿ ಬರೆಯುತ್ತ ಕೂತಿದ್ದಳು.